ಎರಡನೆಯ ಸಹಿ

ಚೀನಾದ ಶೆನ್ಯಾಂಗ್ ನಗರದ ಉತ್ತರಕ್ಕೆ, ಲ್ಯಾವ್ ನದಿ ದಡದ ನಮ್ಮೂರಿನ ಕೇಬಲ್ ಕಚೇರಿಯಲ್ಲಿ ತೊಂಗ್ ಯಾಚಿನ್ ಹತ್ತೊಂಬತ್ತು ವರ್ಷ ನನ್ನ ಪಕ್ಕದ ಮೇಜಿನಲ್ಲಿ ಕೂತಳು. ನೆಲದಡಿಯ ಯಾವ ಕೇಬಲ್ ಎಷ್ಟು ಕರೆಂಟು ಹೊರಬಲ್ಲದು ಎಂದು ಲೆಕ್ಕ ಹಾಕುವುದು ಅವಳ ಕೆಲಸ. ತಾಳೆ ನೋಡಿ ಎರಡನೆಯ ಸಹಿ ಹಾಕುವುದು ನನ್ನದು. ಎರಡು ಸಹಿ ಇಲ್ಲದ ಹಾಳೆಯನ್ನು ಮೇಲಿನವರು ಮೂಸಿಯೂ ನೋಡುತ್ತಿರಲಿಲ್ಲ. ಯಾಚಿನ್ ಗಂಡನನ್ನು ಬೇಗ ಕಳೆದುಕೊಂಡವಳು, ಮಾತು ಕಡಿಮೆ, ಮೊಂಡುತನ ಬೇಕಾದಷ್ಟು.

ಕರೆಂಟು ಹರಿದರೆ ಕೇಬಲ್ ಬಿಸಿಯಾಗುತ್ತದೆ. ಆ ಬಿಸಿಯನ್ನು ಸುತ್ತಲ ಮಣ್ಣು ಎಳೆದುಕೊಳ್ಳಬೇಕು. ಚಳಿಗಾಲದಲ್ಲಿ ನಮ್ಮ ನೆಲ ತಣ್ಣಗೆ ಕೊರೆಯುತ್ತದೆಂದು ನಾನೂರ ನಲವತ್ತು ಆಂಪಿಯರಿನ ಕೇಬಲಿಗೆ ಐನೂರು ಹೊರಿಸುವುದು ರೂಢಿ.

ಕಚೇರಿ ಎದುರಿನ ಬೀದಿಯಲ್ಲಿ ಮಾತ್ರ ಒಂದು ಪಟ್ಟಿಯಷ್ಟು ಜಾಗದಲ್ಲಿ ಹಿಮ ನಿಲ್ಲುತ್ತಿರಲಿಲ್ಲ. ಕೆಳಗೆ, ನಮ್ಮ ಕೇಬಲಿನ ಪಕ್ಕದಲ್ಲೇ, ಮನೆಗಳನ್ನು ಕಾಯಿಸುವ ಬಿಸಿನೀರಿನ ಕೊಳವೆ. ಅಲ್ಲೇ ಗುವಾನ್ ಅಜ್ಜಿ ಹುರಿದ ಸೂರ್ಯಕಾಂತಿ ಬೀಜ ಮಾರುತ್ತಿದ್ದಳು. ಹನ್ನೆರಡು ಚಳಿಗಾಲ ನಾವಿಬ್ಬರೂ ಅಲ್ಲಿ ನಿಂತು, ಬೀಜ ತಿಂದು, ಕಾಲು ಕಾಯಿಸಿಕೊಂಡು, ಒಳಗೆ ಹೋಗಿ ನೆಲ ತಣ್ಣಗಿದೆ ಎಂದು ಬರೆದೆವು. ಥೂ, ನಮ್ಮ ಬುದ್ಧಿಗಿಷ್ಟು.

ಹೊಸವರ್ಷದ ಹಬ್ಬಕ್ಕೆ ಹತ್ತು ದಿನವಿದ್ದಾಗ ಯಾಚಿನ್ ಅಲ್ಲೇ, ಕಾಲಡಿಯ ಹಿಮವಿಲ್ಲದ ನೆಲ ನೋಡುತ್ತ ನಿಂತುಬಿಟ್ಟಳು. ಮಧ್ಯಾಹ್ನ ಅಜ್ಜಿಯ ಗಾಡಿ ಪಕ್ಕದ ಕೇಬಲ್ ಗುಂಡಿಯ ಮುಚ್ಚಳ ತೆಗೆಸಿ, ಕೇಬಲಿನ ಜೋಡಣೆಯ ಪಕ್ಕ ಮಣ್ಣಿನ ಬಿಸಿ ಅಳೆದಳು. ನಲವತ್ತೈದು ಡಿಗ್ರಿ. ಹೊಸ ಲೆಕ್ಕ ಮುನ್ನೂರ ಅರವತ್ತಕ್ಕೆ ನಿಂತಿತು. ಹಬ್ಬದ ದೀಪಗಳಿಗಾಗಿ ಆಗಲೇ ನಾನೂರ ಎಂಬತ್ತು ಹರಿಯುತ್ತಿತ್ತು.

"ಸಹಿ ಹಾಕಕ್ಕ. ಇವತ್ತೇ ಲೋಡ್ ಇಳಿಸ್ಬೇಕು."

"ಹಳೇ ಹಾಳೆಗಳಲ್ಲೆಲ್ಲ ನನ್ನ ಸಹಿ ಇದೆಯಲ್ಲೇ, ಅದಕ್ಕೇನು ಹೇಳ್ಲಿ? ನಿವೃತ್ತಿಗೆ ಮೂರೇ ತಿಂಗಳು. ಹಬ್ಬ ಮುಗೀಲಿ."

"ಜೋಡಣೆ ಸಿಡಿದ್ರೆ ಮೇಲೆ ಅಜ್ಜಿ ಕೂತಿರ್ತಾಳೆ."

ನನಗೆ ಹೆದರಿಕೆ. ಹಾಕಲಿಲ್ಲ.

ಅವಳು ನೇರ ಬೀದಿಗಿಳಿದಳು. ನಾನೂ ಹಿಂದೆ ಹೋದೆ.

"ಅಜ್ಜಿ, ಗಾಡಿ ಆ ಕಡೆ ತಳ್ಳಿ. ಇಲ್ಲಿ ಅಪಾಯ ಇದೆ."

"ಆಹಾ, ಇಷ್ಟು ವರ್ಷ ಕಾಲು ಕಾಯಿಸ್ಕೊಂಡೋಳಿಗೆ ಇವತ್ತು ಅಪಾಯ ಕಂಡಿತಾ? ಯಾರಿಗೆ ಕೊಡಿಸ್ತಿದೀಯೇ ಈ ಜಾಗ, ನಿನ್ನ ನಾದಿನಿಗಾ?"

"ನಾನೇ ಲೆಕ್ಕ ತಪ್ಪಿದೀನಿ ಅಜ್ಜಿ."

"ತಪ್ಪಿದ್ರೆ ತಿದ್ಕೋ ಹೋಗು. ಆ ಕಡೆ ಕೂತ್ರೆ ಚಳಿಗೇ ಸಾಯ್ತೀನಿ."

ನಾಲ್ಕು ದಿನ ಬೆಳಗ್ಗೆ ಯಾಚಿನ್ ತಾನೇ ಗಾಡಿ ತಳ್ಳಿದಳು. ಅವಳು ಒಳಗೆ ಬಂದು ಕೋಟು ಕಳಚುವಷ್ಟರಲ್ಲಿ ಗಾಡಿ ಮತ್ತೆ ಅಲ್ಲೇ ಇರುತ್ತಿತ್ತು. ಐದನೆಯ ದಿನ ಒಂಬತ್ತು ಗಂಟೆಗೆ ಜೋಡಣೆ ಸಿಡಿದು ಕಬ್ಬಿಣದ ಮುಚ್ಚಳ ಹಾರಿತು. ಆಂಬುಲೆನ್ಸ್ ಬರುವ ಮೊದಲೇ ಅಜ್ಜಿಯ ಜೀವ ಹೋಗಿತ್ತು.

ವಿಚಾರಣೆಯಲ್ಲಿ ಯಾಚಿನ್ ಹೊಸ ಹಾಳೆಯನ್ನು ಮೇಜಿನ ಮೇಲಿಟ್ಟಳು. ಅಧಿಕಾರಿ ನನ್ನ ಕಡೆ ತಿರುಗಿದ.

"ಇದಕ್ಕೆ ಒಂದೇ ಸಹಿ ಇದೆ. ನಿಮಗೆ ತೋರಿಸಿದ್ರಾ ಇದನ್ನ?"

"ಇಲ್ಲ" ಅಂದೆ.

ಅಪಘಾತವಾದ ಮೇಲೆ ಬರೆದ ಹಾಳೆ ಎಂದು ತೀರ್ಮಾನವಾಯಿತು. ಹಳೇ ಲೆಕ್ಕದ ತಪ್ಪೆಲ್ಲ ಅವಳ ತಲೆಗೇ ಬಂದು, ಅವಳ ಕೆಲಸ ಹೋಯಿತು. ಮೆಟ್ಟಿಲಿಳಿಯುವಾಗ ಜಗಳವನ್ನೂ ಆಡಲಿಲ್ಲ. "ಪಿಂಚಣಿ ಬಂದ್ಮೇಲಾದ್ರೂ ಒಂದ್ಸಲ ನಿಜ ಹೇಳಕ್ಕ" ಅಂದಳು, ಅಷ್ಟೇ.

ಪಿಂಚಣಿ ಬರತೊಡಗಿ ಒಂಬತ್ತು ವರ್ಷವಾಯಿತು, ಯಾಚಿನ್ ತೀರಿಕೊಂಡು ಎರಡು. ಈಗ ಹೇಳುತ್ತಿದ್ದೇನೆ. ತೋರಿಸಿದ್ದಳು.