ರುದ್ರಪ್ಪನವರ ಚೊಂಬು

ಕಂಪ್ಯೂಟರ್ ಹೇಳಿದ್ದನ್ನು ಬಿಟ್ಟು ಬೇರೇನನ್ನೂ ಸುಲಭಕ್ಕೆ ನಂಬುವವನಲ್ಲ ನಾನು. ಆದರೂ ಇದು ನಡೆದದ್ದು ನಿಜ. ಕಳೆದ ವರ್ಷ, ಭದ್ರಾವತಿಯ ಒಂದು ಕಾರ್ಖಾನೆಯ ಪವರ್‌ಹೌಸ್‌ನಲ್ಲಿ... ನನ್ನ ಕಣ್ಣೆದುರೇ.

ಅಲ್ಲಿನ ಹಳೇ ಜನರೇಟರ್‌ಗೆ ಹೊಸ ಸ್ಟೆಬಿಲೈಸರ್ ಕೂರಿಸಿದ್ದೆವು. ಲೋಡ್ ಬದಲಾದಾಗ ಜನರೇಟರ್ ತೂಗಾಡುತ್ತದೆ; ಅದರೊಳಗಿನ ಕಾಂತಕ್ಕೆ ಹೋಗುವ ಎಕ್ಸೈಟೇಶನ್ ಕರೆಂಟನ್ನು ಏರಿಸಿ ಇಳಿಸಿ ಅದನ್ನು ಸುಮ್ಮನಾಗಿಸುವುದು ಇದರ ಕೆಲಸ. ಮಲವಗೊಪ್ಪದ ನನ್ನ ಮನೆಯಲ್ಲಿ ಕೂತು ಎರಡು ತಿಂಗಳು ಕಂಪ್ಯೂಟರ್‌ನಲ್ಲಿ ಅದರ ಮಾಡೆಲ್ ಮಾಡಿದ್ದೆ. ಸರಿ ಇದೆ ಎಂದು ಸಹಿ ಹಾಕಬೇಕಾದವನೂ ನಾನೇ. ತಪ್ಪಿದರೆ ತೂಗಾಟ ಏರುತ್ತಾ ಹೋಗಿ ಯಂತ್ರವೇ ಕಿತ್ತು ಬರಬಹುದು. ಪಕ್ಕದಲ್ಲಿ ನಿಂತವನ ಗತಿ ಕೇಳಲೇಬೇಡಿ.

ಅಲ್ಲಿ ರುದ್ರಪ್ಪ ಎಂಬ ಹಿರಿಯ ಆಪರೇಟರ್ ಇದ್ದರು, ಹಣೆಯಲ್ಲಿ ಸದಾ ವಿಭೂತಿ. ಯಂತ್ರದ ಪೀಠದ ಮೇಲೆ, ಕುತ್ತಿಗೆ ತಗ್ಗಾದ ಒಂದು ಹಿತ್ತಾಳೆ ಚೊಂಬಿನ ತುಂಬ ನೀರಿಟ್ಟು, ಅದು ಅಲುಗುವುದರಿಂದಲೇ ಯಂತ್ರದ ತೂಗಾಟ ನೋಡುತ್ತಿದ್ದರು. “ನಿನ್ನ ಮಾಡೆಲ್ ಆಮೇಲೆ ಹೇಳುತ್ತೆ ಮಾರಾಯ, ನೀರು ಮೊದ್ಲೇ ಹೇಳುತ್ತೆ,” ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಸ್ಟೆಬಿಲೈಸರ್ ಪರೀಕ್ಷೆಗೆ ತಿಂಗಳಿರುವಾಗ ಅವರು ತೀರಿಕೊಂಡರು. ಮಣ್ಣು ಮಾಡುವಾಗ ಮಗಳು ಆ ಚೊಂಬನ್ನೂ ಜೊತೆಗಿಟ್ಟಳು. ನಾನೇ ನೋಡಿದ್ದೇನೆ.

ಲೋಡ್ ಕಡಿಮೆ ಇರಲೆಂದು ಪರೀಕ್ಷೆ ರಾತ್ರಿ ಎರಡಕ್ಕೆ. ಯಂತ್ರದ ಬಳಿ ಮುರುಗನ್, ರುದ್ರಪ್ಪನವರಿಂದ ಕೆಲಸ ಕಲಿತವನು. ನಾನು ಗಾಜಿನ ಕೋಣೆಯಲ್ಲಿ. ಸ್ಟೆಬಿಲೈಸರ್ ಸ್ವಿಚ್ ಮೇಲೆ ಬೆರಳಿಟ್ಟೆ... ವಿಭೂತಿಯ ವಾಸನೆ! ಬರೀ ಎಣ್ಣೆ ನಾರುವ ಆ ಜಾಗದಲ್ಲಿ.

ವಾಕಿಟಾಕಿಯಲ್ಲಿ ಮುರುಗನ್ ಪಿಸುಗುಟ್ಟಿದ. “ಸಾರ್... ಇಲ್ಲಿ ಚೊಂಬು ಐತೆ. ನೀವಿಟ್ರಾ?”

ಓಡಿದೆ. ಅದೇ ಚೊಂಬು, ಕುತ್ತಿಗೆಯ ತಗ್ಗೂ ಅದೇ. ನೀರು ಆ ಕಡೆ... ಈ ಕಡೆ... ಸೆಕೆಂಡಿಗೊಮ್ಮೆ ವಾಲುತ್ತಿತ್ತು. ಕೋಣೆಯ ಕಂಪ್ಯೂಟರ್ ಪರದೆಯಲ್ಲಿ ಮಾತ್ರ ತೂಗಾಟ ತೋರಿಸುವ ಗೆರೆ ನೆಟ್ಟಗಿತ್ತು.

ಪರೀಕ್ಷೆ ನಿಲ್ಲಿಸಿ ಸ್ಟೆಬಿಲೈಸರ್‌ನ ಪ್ಯಾನೆಲ್ ಬಿಚ್ಚಿದೆ. ಸಂಜೆ ನಾನೇ ಜೋಡಿಸಿದ್ದ ಎರಡು ವೈರ್ ಅದಲುಬದಲಾಗಿದ್ದವು. ಸ್ವಿಚ್ ಹಾಕಿದ್ದರೆ ಸ್ಟೆಬಿಲೈಸರ್ ತೂಗಾಟವನ್ನು ತಡೆಯುವ ಬದಲು ಇನ್ನಷ್ಟು ತಳ್ಳುತ್ತಿತ್ತು. ಮುರುಗನ್ ಮುಖ ನೋಡುವ ಧೈರ್ಯವಾಗಲಿಲ್ಲ.

ಸರಿಪಡಿಸಿ ಆನ್ ಮಾಡಿದೆ. ಲೋಡ್ ಬದಲಿಸಿದರೂ ಎರಡು ಸಲ ತೂಗಿ ಗೆರೆ ನೆಟ್ಟಗಾಯಿತು, ಮಾಡೆಲ್ ಹೇಳಿದಂತೆಯೇ. “ಅಜ್ಜ ಉಳಿಸಿದ್ರು ಸಾರ್,” ಎಂದು ಮುರುಗನ್ ಕೈಮುಗಿದ. ನಾನು ಸಹಿ ಹಾಕಿದೆ.

ಹೊರಡುವಾಗ ಚೊಂಬಿನ ಕಡೆ ತಿರುಗಿದೆ. ನೀರು ಇನ್ನೂ ವಾಲುತ್ತಿತ್ತು.

ಆಮೇಲೆ ಈ ಒಂದು ವರ್ಷದಲ್ಲಿ ಮೂರು ಸಲ ಎಲ್ಲ ತಪಾಸಣೆ ಮಾಡಿದೆ. ಒಂದು ತಪ್ಪೂ ಇಲ್ಲ. ಯಂತ್ರ ನಿಲ್ಲಿಸಿ ಎಂದು ಕೇಳಿಕೊಂಡರೆ, “ನಿಮ್ ಸಹಿನೇ ಇದೆಯಲ್ಲ ಸಾರ್,” ಎಂದು ಮ್ಯಾನೇಜರ್ ನಗುತ್ತಾರೆ.

ನಿನ್ನೆ ರಾತ್ರಿ ಮುರುಗನ್ ಫೋನ್ ಮಾಡಿದ್ದ. “ಸಾರ್, ನೀರು ಈಗ ಅಂಚು ದಾಟಿ ಚೆಲ್ತಾ ಐತೆ.”

“ನೀನು ಅಲ್ಲಿಂದ ದೂರ ಹೋಗು ಮಾರಾಯ!”

“ಡ್ಯೂಟಿ ಸಾರ್... ಎಲ್ಲಿಗೋಗ್ಲಿ?”