ಕಪ್-ಸಾಸರ್ ಚೂರುಗಳ ನೆಲ

ಮೂರು ವರ್ಷದಿಂದ ಅಕ್ಕನಿಗೆ ಒಂದು ನಿಜ ಹೇಳದೆ ಉಳಿದವನು ನಾನು. ಕುರ್ಲಾದಿಂದ ಅವಳಿರುವ ಮಲಾಡಿಗೆ ಲೋಕಲ್ ರೈಲಿನಲ್ಲಿ ಹೆಚ್ಚೆಂದರೆ ಒಂದೂಕಾಲು ಗಂಟೆ. ಆ ದಾರಿಯನ್ನೂ ಹಿಡಿದಿರಲಿಲ್ಲ. ಹೋದ ಅಕ್ಟೋಬರಿನ ಒಂದು ಸೋಮವಾರ ಹೊರಟೆ, ಅದೂ ಅವಳ ಮಗಳು ಪ್ರತಿಮಾ, "ಮಾಮ, ನಾನು ಕೆಲಸ ಮಾಡುವ ಜಾಗ ನೋಡಿ ಹೋಗಿ" ಎಂದು ಫೋನಿನಲ್ಲಿ ಹಟ ಹಿಡಿದಳೆಂದು.

ಕುರ್ಲಾ ಸ್ಟೇಷನ್ ಹತ್ತಿರ ನಮ್ಮದೊಂದು ಸಣ್ಣ ಹೋಟೆಲು. ಭಾವ ತೀರಿಕೊಂಡ ಮೇಲೆ ಅಕ್ಕ ಸುಮತಿ ಅಲ್ಲಿ ಪಾತ್ರೆ ತೊಳೆಯುವ ಕೆಲಸ ನೋಡಿಕೊಂಡಳು. ಒಡೆದ ಕಪ್-ಸಾಸರ್ ಒಂದನ್ನೂ ಎಸೆಯುತ್ತಿರಲಿಲ್ಲ. ಎಣ್ಣೆ ಡಬ್ಬಗಳಲ್ಲಿ ತುಂಬಿಸಿಟ್ಟು, ಒಂದು ಬೇಸಿಗೆಯಲ್ಲಿ ಮೇಸ್ತ್ರಿಯನ್ನು ಕರೆಸಿ, ಗಿರಾಕಿಗಳು ಕೂರುವ ಒಳಕೋಣೆಯ ನೆಲಕ್ಕೆಲ್ಲ ಆ ಚೂರುಗಳನ್ನು ಸಿಮೆಂಟಿನಲ್ಲಿ ಕೂರಿಸಿದಳು. ಅಂಚಿಗೆ ನೀಲಿ ಗೆರೆಯವು, ನಡುವೆ ಬಿಳಿಯವು. ಯಾವ ಚೂರು ಯಾರ ಕೈಯಿಂದ ಬಿದ್ದದ್ದೆಂದು ತೋರಿಸಿ ಹೇಳುತ್ತಿದ್ದಳು. ನನ್ನ ಕೈಯಿಂದ ಬಿದ್ದವೇ ಹೆಚ್ಚು.

ಅವಳು ಒಂದು ಮದುವೆಗೆಂದು ಊರಿಗೆ ಹೋದ ವಾರ ನಾನು ಆ ನೆಲ ಒಡೆಸಿ ಹೊಳೆಯುವ ಟೈಲ್ಸ್ ಹಾಕಿಸಿದೆ. ಬಂದವಳಿಗೆ, "ಅಡಿಯ ಪೈಪ್ ಸೋರುತ್ತಿತ್ತು, ಒಡೆಯದೆ ನಿರ್ವಾಹ ಇರಲಿಲ್ಲ" ಎಂದೆ. ಅಕ್ಕ ಚಪ್ಪಲಿ ಬಿಟ್ಟು ಹೊಸ ನೆಲದ ಮೇಲೆ ನಿಂತಳು. "ಕಾಲು ಜಾರ್ತದೆ" ಎಂದಳು, ಅಷ್ಟೇ. ಮರುವಾರ ಮಗಳ ಮನೆಗೆಂದು ಮಲಾಡಿಗೆ ಹೋದವಳು ಮತ್ತೆ ಹೋಟೆಲಿಗೆ ಬರಲಿಲ್ಲ.

ಬೆಳಿಗ್ಗೆ ಹತ್ತೂವರೆಗೆ ಕುರ್ಲಾ ಬಿಟ್ಟೆ. ಪ್ರತಿಮಾ ಕೆಲಸ ಮಾಡುವ ಗೋರೆಗಾಂವ್‌ಗೆ ಟಿಕೆಟ್ ಹತ್ತು ರೂಪಾಯಿ. ದಾದರ್‌ನಲ್ಲಿ ಇಳಿದು, ಸೇತುವೆ ದಾಟಿ, ಪಶ್ಚಿಮದ ಲೈನಿಗೆ ಬಂದೆ. ಮಳೆ ಮುಗಿದ ಮೇಲಿನ ಬಿಸಿಲು. ಅಂಗಿ ಬೆನ್ನಿಗೆ ಅಂಟಿತ್ತು. ಕಿಟಕಿಯ ಹೊರಗೆ ಎಲ್ಲಿ ನೋಡಿದರೂ ಒಡೆಯಲೆಂದು ಹಳೆಯ ಕಟ್ಟಡಗಳಿಗೆ ಹಸಿರು ಪರದೆ ಸುತ್ತಿದ್ದರು. ಒಡೆದ ಆ ಕಲ್ಲು, ಆ ಮರ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಅಂದೇ ಮೊದಲು ಯೋಚಿಸಿದೆ.

ಅದಕ್ಕೆ ಉತ್ತರ ಸಿಕ್ಕಿದ್ದು ಗೋರೆಗಾಂವಿನಲ್ಲಿ, ಪ್ರತಿಮಾ ಕೆಲಸ ಮಾಡುವ ತಗಡಿನ ಶೆಡ್ಡಿನಲ್ಲಿ. ಗೋಡೆಯುದ್ದಕ್ಕೂ ಗೋಣಿಗಳು: ಪಿಂಗಾಣಿ, ಬಳೆಯ ಗಾಜು, ಮೆಟ್ಟಿಲಿನ ಅಮೃತಶಿಲೆ. ನೆಲದ ಬಿಲ್ಲೆ ಮಾಡಲು ಅವನ್ನು ಸಿಮೆಂಟಿನಲ್ಲಿ ಕಲಸಿ ಅಚ್ಚಿಗೆ ಹೊಯ್ದು, ಗಟ್ಟಿಯಾದ ಮೇಲೆ ಯಂತ್ರದಿಂದ ಉಜ್ಜುತ್ತಾರೆ. ಉಜ್ಜಿದ ಹಾಗೆ ಬೂದು ಬಣ್ಣದ ಒಳಗಿಂದ ಒಂದೊಂದೇ ಚೂರು ಮೇಲೆ ಬರುತ್ತದೆ. ನೋಡುತ್ತ ಅರ್ಧ ಗಂಟೆ ನಿಂತುಬಿಟ್ಟೆ. ಪ್ರತಿ ಗೋಣಿಗೂ ಒಂದು ರಟ್ಟಿನ ಚೀಟಿ. ಒಂದರಲ್ಲಿ "ಪರೇಲ್, ಮಿಲ್ ಕ್ಯಾಂಟೀನ್" ಎಂದಿತ್ತು.

"ಚೀಟಿ ಎಂತಕ್ಕೆ?" ಎಂದು ಕೇಳಿದೆ.

"ಕ್ಲೈಂಟ್ ಮೊದಲು ಅದೇ ಪೂಛ್ತಾರೆ, ಮಾಮ" ಎಂದಳು ಪ್ರತಿಮಾ. ಅವಳ ಕನ್ನಡದಲ್ಲಿ ಅರ್ಧ ಹಿಂದಿ. "ಎಲ್ಲಿಂದ ಬಂತು, ಯಾರದ್ದು ಅಂತ. ಕಲರ್, ಡಿಸೈನ್ ಎಲ್ಲ ಬಾದ್ ಮೇ."

"ಒಡೆದ ಕಪ್ಪಿನ ನೆಲ ಬೇಕು ಅಂತ ಕೇಳಿ ಹಾಕಿಸ್ತಾರಾ?"

"ಆರು ತಿಂಗಳು ಕಾಯ್ತಾರೆ."

ನಮ್ಮ ಹೋಟೆಲಿನಲ್ಲಿ ಒಬ್ಬ ಗಿರಾಕಿ ನೆಲ ನೋಡಿ, "ಹೊಸ ನೆಲ ಹಾಕಿಸಲು ಗತಿ ಇಲ್ಲವಾ ಸೇಠ್?" ಎಂದು ನಕ್ಕಿದ್ದ. ನಾನು ಹಾರೆ ತರಿಸಿದ್ದು ಆ ಒಂದು ನಗುವಿಗೆ.

ಮೂಲೆಯ ಗೋಣಿಯ ಚೀಟಿಯಲ್ಲಿ "ಕುರ್ಲಾ" ಎಂದಿತ್ತು. ಅದರ ಬಾಯಲ್ಲಿ ನೀಲಿ ಗೆರೆಯ ಚೂರುಗಳು. ಒಡೆಸಿದ ಮೇಲೆ ಅಕ್ಕ ಬರುವವರೆಗೂ ಕಸದ ಲಾರಿ ಬಂದಿರಲಿಲ್ಲ. ಗೋಣಿಗಳು ಗಲ್ಲಿಯಲ್ಲೇ ಇದ್ದವು. ಊರಿಂದ ಬಂದ ದಿನವೇ ಅಕ್ಕ ಒಂದನ್ನು ರಿಕ್ಷಾಕ್ಕೆ ಹಾಕಿಸಿ ಮಗಳ ಬಳಿಗೆ ಸಾಗಿಸಿದ್ದಳಂತೆ. "ಇದಕ್ಕೆ ಮಾತ್ರ ಯಾರೂ ಹಾತ್ ಹಾಕಬಾರದು ಅಂತ ಅಮ್ಮನ ಆರ್ಡರ್" ಎಂದಳು ಪ್ರತಿಮಾ.

"ಪೈಪ್ ಸೋರಿ ಎಲ್ಲ ಹಾಳಾಗಿತ್ತಲ್ಲ" ಎಂದೆ. ಅಭ್ಯಾಸವಾದ ಸುಳ್ಳು, ತಾನಾಗಿಯೇ ಬಂತು.

ಯಂತ್ರದ ಬಳಿಯಿದ್ದ ಮುದುಕ ಉಸ್ತಾದ್ ಒಂದು ಚೂರನ್ನೆತ್ತಿ ಮಗುಚಿದ. "ಪಾನಿ? ಇಸ್ ಮೇ? ಕಭೀ ನಹೀ" ಎಂದ. ನೀರು ಕುಡಿದ ಗಾರೆ ಕಪ್ಪಾಗುತ್ತದೆ, ಬಿಳಿ ಉಪ್ಪು ಬಿಡುತ್ತದೆ, ಉಗುರು ತಾಗಿಸಿದರೆ ಉದುರುತ್ತದೆ. ಇದು ಒಣಗಿ ಕಲ್ಲಾಗಿದೆ ಎಂದು ಉಗುರಿನಿಂದ ಕೆರೆದು ತೋರಿಸಿದ. "ಯಾರೋ ಸುಳ್ಳು ಹೇಳಿದ್ದಾರೆ, ಸೇಠ್" ಎಂದು ಹಿಂದಿಯಲ್ಲಿ ಹೇಳಿ ನಕ್ಕ. ಪ್ರತಿಮಾ ನಗಲಿಲ್ಲ.

ಆ ನೆಲಕ್ಕೆ ಮೇಸ್ತ್ರಿಯ ಪಕ್ಕ ಕೂತು ಗಾರೆ ಕಲಸಿದವಳು ಅಕ್ಕ. ಉಸ್ತಾದನಿಗೆ ತಿಳಿದದ್ದು ಅವಳಿಗೆ ಮೊದಲ ದಿನವೇ ತಿಳಿದಿತ್ತು.

ಮಲಾಡ್ ಮುಂದಿನ ಸ್ಟೇಷನ್. ನಿಂತುಕೊಂಡೇ ಹೋದೆ. ಸ್ಟೇಷನ್ನಿನಿಂದ ಶೇರ್ ರಿಕ್ಷಾ, ಆಮೇಲೆ ಮೂರು ಮಹಡಿ. ಅಕ್ಕನೇ ಬಾಗಿಲು ತೆರೆದಳು. ತಲೆ ಪೂರ್ತಿ ನರೆತಿತ್ತು.

"ದಾರಿ ಗೊತ್ತುಂಟಾ ನಿನಗೆ?" ಎಂದಳು. ಕೂರಿಸಿ ಗೋಳಿಬಜೆ, ಚಾ ತಂದಿಟ್ಟಳು. ಚಾ ಇದ್ದದ್ದು ಸ್ಟೀಲ್ ಲೋಟದಲ್ಲಿ. ನಾನು ಅದನ್ನೇ ನೋಡುವುದನ್ನು ಕಂಡು, "ನಿನ್ನ ಕೈಗೆ ಕಪ್ ಯಾರು ಕೊಡ್ತಾರೆ ಮಾರಾಯ" ಎಂದಳು. ಬಜೆಯ ತಟ್ಟೆಯನ್ನು ನನ್ನತ್ತ ಸರಿಸಿ, "ಪ್ರತಿಮಾ ಫೋನ್ ಮಾಡಿದ್ದಳು. ಉಸ್ತಾದ್ ಎಂತ ಹೇಳಿದ?" ಎಂದು ಕೇಳಿದಳು.

ಲೋಟ ಕೆಳಗಿಟ್ಟೆ.

"ಪೈಪ್ ಸೋರಿರಲಿಲ್ಲ ಅಕ್ಕ. ಒಬ್ಬ ನಕ್ಕದ್ದಕ್ಕೆ ನಾಚಿ ನಾನೇ ಒಡೆಸಿದೆ. ನೀನಿದ್ದರೆ ಬಿಡುವುದಿಲ್ಲ ಅಂತ, ನೀನು ಊರಿಗೆ ಹೋಗುವುದನ್ನೇ ಕಾದಿದ್ದೆ. ತಪ್ಪಾಯ್ತು."