ಕೀಲಿಯಪ್ಪ ಮತ್ತು ಹಸಿರಂಚಿನ ಕರ್ಚೀಫು

ಕೀಲಿಯಪ್ಪ ಲಾಡ್ಜಿಗೆ ಕೆಲಸಕ್ಕೆ ಬಂದ ದಿನ ಇಸ್ತ್ರಿಯಮ್ಮ ಹದಿನೇಳು ಚಾದರ ಮಡಿಚಿಟ್ಟು ಹದಿನೆಂಟನೆಯದಕ್ಕೆ ನೀರು ಚಿಮುಕಿಸುತ್ತಿದ್ದಳು. ಬಾಗಿಲಲ್ಲಿ ನಿಂತವನ ಷರಟಿನ ಕಾಲರು ಒಂದು ಕಡೆ ಎದ್ದು ನಿಂತಿತ್ತು.

"ಬಿಚ್ಚಿಕೊಡಪ್ಪ. ಕೌಂಟರಲ್ಲಿ ಕೂರೋನು ಹೀಗಿದ್ರೆ ಬಂದೋರು ಬೇರೆ ಲಾಡ್ಜ್ ನೋಡ್ಕೋತಾರೆ."

ಅವನು ಬನಿಯನ್ನಿನಲ್ಲಿ ನಿಂತು, "ಮೊದಲ ದಿನವೇ ಷರಟು ಬಿಚ್ಚಿಸಿದ್ರಲ್ಲಮ್ಮ, ಮುಂದೆ ಗತಿಯೇನು?" ಎಂದ. ಗಂಡ ಹೋದಮೇಲೆ ಆ ಕೋಣೆಯಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಇಪ್ಪತ್ತೆರಡು ರೂಮುಗಳಲ್ಲಿ ಯಾವುದರ ಕೀಲಿ ಯಾವ ಮೊಳೆಯಲ್ಲಿದೆ ಎಂದು ಅವನು ಬೋರ್ಡಿನ ಕಡೆ ತಿರುಗದೆಯೇ ಹೇಳುತ್ತಿದ್ದ. ಹಾಗಾಗಿ ಆ ಹೆಸರು. ನಾಲ್ಕು ಭಾಷೆ ಅರ್ಧರ್ಧ ಬರುತ್ತಿತ್ತು, ಉಳಿದರ್ಧಕ್ಕೆ ಕೈಗಳಿದ್ದವು. ಲಾಡ್ಜಿಗೆ ಬರುವವರೆಲ್ಲ ಹೊರದೇಶದವರು. ಸಂಜೆಯಾದರೆ ಮಿಂದು, ಸೆಂಟು ಹಾಕಿಕೊಂಡು ಕೌಂಟರಿಗೆ ಒರಗಿ, ಹಾಡು ಎಲ್ಲಿದೆ, ಕುಡಿಯುವುದಕ್ಕೆ ಎಲ್ಲಿ ಚೆನ್ನ ಎಂದು ಕೇಳುತ್ತಿದ್ದರು. ಕೀಲಿಯಪ್ಪ ಪಾಠ ಶುರುಮಾಡುತ್ತಿದ್ದ. ಪಾಸ್‌ಪೋರ್ಟ್ ರೂಮಿನಲ್ಲೇ ಇರಲಿ. ಗ್ಲಾಸು ಬಿಟ್ಟು ಎದ್ದು ಹೋದಿರೋ, ವಾಪಸ್ ಬಂದು ಅದನ್ನು ಮುಟ್ಟಬೇಡಿ, ಹೊಸದು ಕೇಳಿ. ಟ್ಯಾಕ್ಸಿ ಹತ್ತುವ ಮೊದಲೇ ಬಾಡಿಗೆ ಮಾತಾಡಿ. ದಾರಿಯಲ್ಲಿ ಸಿಕ್ಕವನು ಒಳ್ಳೆ ಜಾಗ ತೋರಿಸ್ತೀನಿ ಅಂದ್ರೆ ನಗುತ್ತಾ ಮುಂದೆ ನಡೀರಿ.

ಈ ಮಾತುಗಳಲ್ಲಿ ಮುಕ್ಕಾಲು ಇಸ್ತ್ರಿಯಮ್ಮನ ಗಂಡನವು. ಅವನು ರಾತ್ರಿ ಪಾಳಿಯ ಟ್ಯಾಕ್ಸಿ ಓಡಿಸುತ್ತಿದ್ದವನು. ಬೆಳಿಗ್ಗೆ ಕಾಲು ತೊಳೆಯುತ್ತಾ ಹೇಳಿದ್ದನ್ನು ಅವಳು ಕೀಲಿಯಪ್ಪನಿಗೆ ಒಂದೊಂದಾಗಿ ಹೇಳಿಕೊಟ್ಟಿದ್ದಳು.

ಒಮ್ಮೆ ಒಬ್ಬ ಮುದುಕ ಲಾಡ್ಜಿನ ಹೆಸರು ನಾಲಿಗೆಗೆ ಬಾರದೆ ಬೆಳಗಿನ ತನಕ ಅಲೆದು ಬಂದ. ಅಂದೇ ಇಸ್ತ್ರಿಯಮ್ಮ ಹರಿದ ಚಾದರ ಕತ್ತರಿಸಿ, ಹಸಿರು ದಾರದಲ್ಲಿ ಅಂಚು ಕಟ್ಟಿ, ಕರ್ಚೀಫು ಹೊಲಿದಳು. ಕೀಲಿಯಪ್ಪ ಲಾಡ್ಜಿನ ವಿಳಾಸವನ್ನು ಪೆನ್ಸಿಲಿನಲ್ಲಿ ಬರೆದುಕೊಟ್ಟ, ಅವಳು ಅದರ ಮೇಲೆಯೇ ಸೂಜಿ ಓಡಿಸಿದಳು. ದಾರಿ ತಪ್ಪಿದರೆ ಯಾವ ಡ್ರೈವರಿಗಾದರೂ ಇದನ್ನು ತೋರಿಸಿ ಎಂದು ಸಂಜೆ ತಿರುಗಾಡಲು ಹೊರಡುವವರ ಕೈಗೆ ತಾನೇ ಕೊಡುತ್ತಿದ್ದಳು. ಎರಡು ವರ್ಷ ಹಾಗೇ ನಡೆಯಿತು.

ಆಮೇಲೆ ಒಂದು ಬೆಳಿಗ್ಗೆ, ಒಂಬತ್ತನೇ ರೂಮಿನ ಹುಡುಗಿ ಚಪ್ಪಲಿ ಕೈಯಲ್ಲಿ ಹಿಡಿದು ಬಂದಳು. ಅಂಗಾಲು ಸೀಳಿತ್ತು. ಕರ್ಚೀಫು ತೋರಿಸಿದಾಗ ಡ್ರೈವರು ಅಕ್ಷರ ಓದಲೇ ಇಲ್ಲವಂತೆ. ಅಂಚು ನೋಡಿ ನಕ್ಕು, ಊರಾಚೆಯ ಒಂದು ಬಾರಿಗೆ ಬಿಟ್ಟನಂತೆ. ಕುಡಿಯದ್ದಕ್ಕೂ ಬಿಲ್ಲು ಹಾಕಿ, ಕೈಗಡಿಯಾರ ಬಿಚ್ಚಿಕೊಡುವ ತನಕ ಅಲ್ಲಿ ಬಾಗಿಲು ತೆಗೆಯಲಿಲ್ಲವಂತೆ.

ಇಸ್ತ್ರಿಯಮ್ಮ ಬೇಸಿನ್ನಿಗೆ ಬಿಸಿನೀರು ತುಂಬಿ ಆ ಕಾಲು ತೊಳೆದಳು. ಹುಡುಗಿ ಕರ್ಚೀಫನ್ನು ಬೆರಳ ತುದಿಯಲ್ಲಿ ಹಿಡಿದು ಅವಳ ಮಡಿಲಿಗೆ ಹಾಕಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಧ್ಯಾಹ್ನ ನಲ್ಲಿಯ ಹತ್ತಿರ ಗಂಡನ ಹಳೇ ಜೊತೆಗಾರ ಡ್ರೈವರಣ್ಣ ಸಿಕ್ಕ. ಅವಳು ನಡೆದದ್ದನ್ನು ಹೇಳಿದಳು.

"ಅತ್ತಿಗೆ, ನಿಮಗೆ ಗೊತ್ತೇ ಇದೆ ಅಂದ್ಕೊಂಡಿದ್ದೆ. ಹಸಿರು ಅಂಚು ಕಂಡ್ರೆ ಆ ಬಾರಿಗೇ ಬಿಡಿ, ಅವರಿಗೆ ದಾರಿ ಗೊತ್ತಾಗಲ್ಲ, ಬಾರಿನವನು ತಲೆಗಿಷ್ಟು ಅಂತ ಕಮಿಷನ್ ಕೊಡ್ತಾನೆ, ಹಂಚ್ಕೊಳ್ಳೋಣ ಅಂತ ನಿಮ್ಮ ಕೀಲಿಯಪ್ಪನೇ ಸ್ಟ್ಯಾಂಡಿಗೆ ಬಂದು ಹೇಳಿ ಹೋಗಿದ್ದ. ನಾನು ಒಲ್ಲೆ ಅಂದೆ. ಒಪ್ಪಿದೋರು ಇದ್ದಾರೆ. ಮೋಸ ಹೋದೋರು ನಾಚಿಕೆಗೆ ಬಾಯಿ ಬಿಡಲ್ಲ."

"ಯಾವಾಗ ಹೇಳಿದ್ದು?"

"ಆರು ತಿಂಗಳಾಯ್ತು."

ಬಿಂದಿಗೆ ತುಂಬಿ ಹರಿಯುತ್ತಿತ್ತು. ಆರು ತಿಂಗಳಲ್ಲಿ ತಾನು ಕೊಟ್ಟ ಕರ್ಚೀಫು ನಲವತ್ತೊಂದು. ಅಷ್ಟು ಜನರ ಬೆನ್ನಿಗೆ ತನ್ನ ಕೈಯಾರೆ ಗುರುತು ಹೊಲಿದು ಕಳಿಸಿದ ಹಾಗಾಯಿತಲ್ಲ ಎಂದುಕೊಂಡಳು.

ವಾಪಸ್ ಬಂದರೆ ಲಾಡ್ಜಿನ ಯಜಮಾನಿಯಿಂದ ಕರೆ: ನಾಲ್ಕು ಗಂಟೆಗೆ ಮೇಲೆ ಬರಬೇಕು. ಕೀಲಿಯಪ್ಪ ಆಗಲೇ ಹೋಗಿ, "ಕರ್ಚೀಫು ಇಸ್ತ್ರಿಯಮ್ಮನದು, ಟ್ಯಾಕ್ಸಿಯವರೆಲ್ಲ ಅವರ ಗಂಡನ ಸ್ನೇಹಿತರು, ನಂಗೇನು ಗೊತ್ತು" ಎಂದು ಬಂದಿದ್ದ. ಹದಿನಾಲ್ಕು ವರ್ಷದ ಕೆಲಸವೂ ಸತ್ತ ಗಂಡನ ಹೆಸರೂ ಒಂದೇ ಮಾತಿಗೆ ಮಣ್ಣುಪಾಲಾಗುವುದರಲ್ಲಿತ್ತು. ಅವಳು ನಲ್ಲಿಯ ಕಡೆಗೇ ತಿರುಗಿ ನಡೆದು ಡ್ರೈವರಣ್ಣನನ್ನು ಕರೆತಂದಳು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಕೀಲಿಯಪ್ಪ ಇಸ್ತ್ರಿ ಕೋಣೆಗೆ ಬಂದ. ಕಾಲರು ನೆಟ್ಟಗಿತ್ತು, ಬೆಳಿಗ್ಗೆ ಅವಳೇ ತೀಡಿಕೊಟ್ಟದ್ದು.

"ಅಮ್ಮ, ವಯಸ್ಸಾದೋರು ಅಂತ ನಿಮಗೆ ನಾಲ್ಕು ಮಾತು ಬೈದು ಬಿಡ್ತಾರೆ. ನನ್ನನ್ನಾದ್ರೆ ಓಡಿಸ್ತಾರೆ. ತಿಳೀದೆ ನಾನೇ ಡ್ರೈವರುಗಳಿಗೆ ಹೇಳ್ಬಿಟ್ಟೆ ಅಂತ ನೀವು ಅಂದ್ಬಿಡಿ."

ಇಸ್ತ್ರಿಯಮ್ಮ ದಿಂಬಿನ ಕವರಿನ ನಾಲ್ಕು ಮೂಲೆಯನ್ನೂ ಕೂಡಿಸಿ ಮಡಿಚಿದಳು.

"ಡ್ರೈವರಣ್ಣ ಮೇಲೆ ಕೂತಿದ್ದಾನೆ. ಹೇಳೋದನ್ನೆಲ್ಲ ಹೇಳಿ ಆಯ್ತು. ನಿನ್ನನ್ನೇ ಕರೀತಾರೆ ಈಗ."

ಅವನು ಚಾದರದ ಗಂಟಿನ ಮೇಲೆ ಕುಸಿದು ಕೂತ. ತಲೆ ಎತ್ತಿ, "ಆ ಹುಡುಗಿ ಇನ್ನೂ ಇದ್ದಾಳಾ?" ಎಂದ.

ಇಸ್ತ್ರಿಯಮ್ಮನ ಜೀವ ಒಂದು ಗಳಿಗೆ ಹಗುರಾಯಿತು. ಕ್ಷಮೆ ಕೇಳುತ್ತಾನೇನೋ ಎಂದುಕೊಂಡಳು.

"ಅಲ್ಲೇ ಕೌಂಟರ್ ಮುಂದೆನೇ ಕೂತಿದ್ದಾಳೆ."

"ಹಾಗಾದ್ರೆ ಹಿಂದಿನ ಬಾಗಿಲ ಚಿಲಕ ತೆಗೀತೀರಾಮ್ಮ?"